ಮ್ಯೂಸಿಯಂ ಪ್ರದರ್ಶನಕ್ಕೆ ಡಮ್ಮಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು, ಮಠ, ಮನೆತನದ ಟ್ರಸ್ಟ್, ಊರಿನ ಸಂಘ ಹೀಗೆ ಸಣ್ಣ ಮ್ಯೂಸಿಯಂ ಕಟ್ಟಲು ಹೊರಟವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇವೆ. ಉದಾಹರಣೆಗೆ ಆರಿಸಿದ್ದು ಕರ್ನಾಟಕದ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಇರುವ ವಸ್ತುಗಳನ್ನು: ವೀರಗಲ್ಲು, ಕಂಚಿನ ಮೂರ್ತಿ, ಬಿದರಿ, ತೊಗಲುಗೊಂಬೆ, ಮೈಸೂರು ಶೈಲಿಯ ಚಿತ್ರ.

## ಶುರು ಮಾಡುವ ಮುನ್ನ

ಡಮ್ಮಿ ಅಂದರೆ ನಕಲು ವಿಗ್ರಹ ಮಾಡಿಸೋದಾ?

ಅಲ್ಲ. ಡಮ್ಮಿ ಅಂದರೆ ಜಾಗ, ಬೆಳಕು, ಭಾರ ಪರೀಕ್ಷಿಸಲು ನಿಜವಾದ ವಸ್ತುವಿನ ಬದಲಿಗೆ ಇಟ್ಟು ನೋಡುವ ತಾತ್ಕಾಲಿಕ ಮಾದರಿ. ನಕಲು ಇರುವುದು ನೋಡಲು ಬರುವವರಿಗೆ. ಡಮ್ಮಿ ಇರುವುದು ಪ್ರದರ್ಶನ ಜೋಡಿಸುವವರಿಗೆ, ಬಾಗಿಲು ತೆರೆಯುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ. ಅದಕ್ಕೆ ಕಣ್ಣು ಮೂಗು ಬೇಕಿಲ್ಲ.

ಡಮ್ಮಿಗೆ ಕೇಳುವ ಪ್ರಶ್ನೆಗಳು ಮೂರು: ಜಾಗ ಹಿಡಿಸುತ್ತದೆಯೇ, ಸರಿಯಾಗಿ ಕಾಣುತ್ತದೆಯೇ, ಹಲಗೆ ತಡೆಯುತ್ತದೆಯೇ. ಮೊದಲನೆಯದಕ್ಕೆ ಅಳತೆ ಸಾಕು. ಎರಡನೆಯದಕ್ಕೆ ಬಣ್ಣ, ಹೊಳಪು ಬೇಕು. ಮೂರನೆಯದಕ್ಕೆ ತೂಕ ಬೇಕು, ಆಕಾರ ಮರಳಿನ ಚೀಲದ್ದಾದರೂ ಸರಿ. ಮೂರಕ್ಕೂ ಒಂದೇ ಡಮ್ಮಿ ಮಾಡಲು ಹೋದವರು ಹದಿನೈದು ದಿನ ಗಣಪತಿಯ ಸೊಂಡಿಲಿಗೆ ಬಣ್ಣ ಬಳಿಯುತ್ತ ಕೂರುತ್ತಾರೆ, ಅಷ್ಟರಲ್ಲಿ ಬಡಗಿ ಶೋಕೇಸ್ ಮುಗಿಸಿರುತ್ತಾನೆ.

ನಿಜವಾದ ವಸ್ತುವೇ ಕೈಯಲ್ಲಿದೆ. ಅದನ್ನೇ ಇಟ್ಟು ನೋಡಿದರೆ ಆಗಲ್ವಾ?

ಒಂದು ಶೋಕೇಸ್ ಹದಕ್ಕೆ ಬರುವಷ್ಟರಲ್ಲಿ ಪ್ರತಿ ವಸ್ತುವೂ ಹತ್ತಾರು ಸಲ ಆಚೀಚೆ ಸರಿಯುತ್ತದೆ. ವಸ್ತುಗಳಿಗೆ ಪೆಟ್ಟಾಗುವುದು ಹೆಚ್ಚಾಗಿ ಇಂಥ ಎತ್ತಿಡುವ ಹೊತ್ತಿನಲ್ಲೇ.

ಬೆಳಕಿನದು ಇನ್ನೊಂದು ಲೆಕ್ಕ. ಬಟ್ಟೆ, ಕಾಗದ, ಬಣ್ಣ ಹಾಕಿದ ತೊಗಲಿನಂಥವಕ್ಕೆ ಒಪ್ಪಿತ ಮಿತಿ ಸುಮಾರು 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ). ದಿನಕ್ಕೆ 8 ಗಂಟೆ ತೆರೆದಿದ್ದರೆ 400 ಲಕ್ಸ್-ಗಂಟೆ ಆಯಿತು. ದೀಪ ಹೊಂದಿಸುವ ದಿನ ಏಣಿ ಹತ್ತಿದವರಿಗೆ ಕಣ್ಣು ಕಾಣಲೆಂದು ಎಲ್ಲ ಲೈಟೂ ಹಾಕಿರುತ್ತೇವೆ. 500 ಲಕ್ಸಿನಲ್ಲಿ 6 ಗಂಟೆ ಎಂದರೆ 3,000 ಲಕ್ಸ್-ಗಂಟೆ, ಅಂದರೆ ಏಳೂವರೆ ದಿನದ ಪ್ರದರ್ಶನದ ಬೆಳಕು ಒಂದೇ ದಿನದಲ್ಲಿ ಬಿತ್ತು. ಮಾಸಿದ ಬಣ್ಣ ಮರಳಿ ಬರುವುದಿಲ್ಲ.

ಕಂಪ್ಯೂಟರ್‌ನಲ್ಲಿ ತ್ರೀಡಿ ಡಿಸೈನ್ ಮಾಡಿಸಿದ್ದೀವಿ. ಮತ್ತೆ ರಟ್ಟು ಯಾಕೆ ಕತ್ತರಿಸಬೇಕು?

ಕೋಣೆಯ ಒಟ್ಟು ಜೋಡಣೆ, ಓಡಾಡುವ ದಾರಿ, ಶೋಕೇಸುಗಳ ಸಂಖ್ಯೆ ತೀರ್ಮಾನಿಸಲು ಕಂಪ್ಯೂಟರ್ ಚೆನ್ನಾಗಿದೆ. ಆದರೆ ಪರದೆಯ ಮೇಲೆ 12 ಸೆಂ.ಮೀ. ಬೊಂಬೆಯೂ 120 ಸೆಂ.ಮೀ. ಮೂರ್ತಿಯೂ ಒಂದೇ ಗಾತ್ರಕ್ಕೆ ಹಿಗ್ಗುತ್ತವೆ. ಬಗ್ಗಿದಾಗ ಗಾಜಿಗೆ ಹಣೆ ತಾಗುತ್ತದೆಯೇ, ಹಿಂದಿನ ಸಾಲು ಮುಂದಿನದರ ಮರೆಗೆ ಹೋಗುತ್ತದೆಯೇ, ಪಕ್ಕದ ಕಿಟಕಿ ಗಾಜಿನಲ್ಲಿ ಪ್ರತಿಫಲಿಸುತ್ತದೆಯೇ ಎಂಬುದು ನಿಂತು ನೋಡಿದರೇ ಗೊತ್ತಾಗುವುದು. ಹಳೆಯ ಕಟ್ಟಡಗಳಲ್ಲಿ ಇನ್ನೊಂದು ತೊಡಕು: ಡಿಸೈನಿನಲ್ಲಿ ಮೂಲೆಗಳು 90 ಡಿಗ್ರಿ ಇರುತ್ತವೆ, ಗೋಡೆಗಳಲ್ಲಿ ಇರುವುದಿಲ್ಲ. ಕೋಣೆಯ ಎರಡು ಕರ್ಣಗಳನ್ನು ಅಳೆಯಿರಿ. ಅವು ಸಮ ಇಲ್ಲದಿದ್ದರೆ ಕೋಣೆ ಸೊಟ್ಟಗಿದೆ ಎಂದೇ ಅರ್ಥ.

ಯಾವ ಹಂತದಲ್ಲಿ ಮಾಡಬೇಕು?

ವಸ್ತುಗಳ ಪಟ್ಟಿ ಮುಕ್ಕಾಲು ಪಾಲು ನಿಂತ ಮೇಲೆ, ಶೋಕೇಸಿಗೆ ಮುಂಗಡ ಕೊಡುವ ಮುನ್ನ. ಆರ್ಡರ್ ಕೊಟ್ಟ ಮೇಲೆ ಮಾಡಿದ ಡಮ್ಮಿ ತಪ್ಪು ತೋರಿಸುತ್ತದೆ, ತಿದ್ದಿಕೊಳ್ಳಲು ದುಡ್ಡಿರುವುದಿಲ್ಲ.

ಏನೇನು ಸಾಮಾನು ಬೇಕು? ಬಜೆಟ್ ಬಹಳ ಕಡಿಮೆ ಇದೆ ಸರ್.

ಫ್ರಿಜ್, ವಾಷಿಂಗ್ ಮಷೀನ್ ಬಂದ ರಟ್ಟಿನ ಪೆಟ್ಟಿಗೆಗಳನ್ನು ಅಂಗಡಿಯವರು ಕೇಳಿದರೆ ಕೊಡುತ್ತಾರೆ, ದೊಡ್ಡ ಕಲ್ಲುಗಳ ಡಮ್ಮಿಗೆ ಅದೇ ಸಾಕು. ಸಣ್ಣವಕ್ಕೆ 5 ಮಿ.ಮೀ. ಫೋಮ್ ಬೋರ್ಡ್ ಬೇಕು. ಅಂಗಡಿಯಲ್ಲಿ ಸನ್‌ಬೋರ್ಡ್ ಎಂದು ಕೇಳಿದರೆ ಪಿವಿಸಿಯ ಗಟ್ಟಿ ಹಾಳೆ ಕೊಡಬಹುದು, ಚಾಕುವಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಎರಡು ಕಡೆ ಕಾಗದ, ನಡುವೆ ಮೆತ್ತನೆ ಫೋಮ್ ಇರುವುದನ್ನೇ ನೋಡಿ ತನ್ನಿ. ಜೊತೆಗೆ ಖಾಕಿ ಕಾಗದದ ಸುರುಳಿ, ಬಟರ್ ಪೇಪರ್, ಮಾಸ್ಕಿಂಗ್ ಟೇಪ್, ಬ್ಲೇಡ್ ಬದಲಾಯಿಸುವ ಕಟ್ಟರ್, ಸ್ಟೀಲ್ ಸ್ಕೇಲ್, ಫೆವಿಕಾಲ್, ಬೂದು ಬಣ್ಣದ ವಾಟರ್ ಪೇಂಟ್. ಬ್ಲೇಡಿನಲ್ಲಿ ಮಾತ್ರ ಜಿಪುಣತನ ಬೇಡ. ಮೊಂಡಾದ ಬ್ಲೇಡ್ ಫೋಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಐದಾರು ಡಮ್ಮಿಗೊಮ್ಮೆ ತುದಿ ಮುರಿದು ಹೊಸ ಅಲಗು ಮಾಡಿಕೊಳ್ಳಿ.

## ಅಳತೆ

ವಸ್ತುವನ್ನ ಮುಟ್ಟದೆ ಅಳೆಯೋದು ಹೇಗೆ?

ವಸ್ತುವಿನ ಎರಡು ಪಕ್ಕದಲ್ಲೂ ನೆಟ್ಟಗೆ ನಿಲ್ಲುವ ಲಂಬಕೋನದ ಹಲಗೆ ಇಡಿ. ಅದನ್ನು ಫೋಮ್ ಬೋರ್ಡಿನಲ್ಲೇ ಮಾಡಿಕೊಳ್ಳಬಹುದು. ವಸ್ತುವಿಗೆ ಒಂದು ಬೆರಳು ದೂರದವರೆಗೆ ಸರಿಸಿ ನಿಲ್ಲಿಸಿ. ಎರಡು ಹಲಗೆಗಳ ನಡುವಿನ ಅಂತರವನ್ನು ಮೇಜಿನ ಮೇಲೆಯೇ ಅಳೆದು, ಬಿಟ್ಟ ಜಾಗ ಕಳೆದರೆ ಅಗಲ ಸಿಕ್ಕಿತು. ಎತ್ತರಕ್ಕೆ, ಆಳಕ್ಕೆ ಇದೇ ಉಪಾಯ. ಹತ್ತಿರ ಹೋಗಲೇಬೇಕಾದಾಗ ಬಟ್ಟೆಯ ಟೇಪ್ ಬಳಸಿ. ಸ್ಟೀಲ್ ಟೇಪ್ ಕೈಜಾರಿ ಚಟ್ಟನೆ ಸುತ್ತಿಕೊಂಡರೆ ಹೊಡೆತ ಬೀಳುವುದು ವಸ್ತುವಿಗೆ.

ಉದ್ದ, ಅಗಲ, ಎತ್ತರ ಬರೆದುಕೊಂಡು ಎದ್ದುಬಿಡಬೇಡಿ. ನೆಲಕ್ಕೆ ತಾಗುವ ಪಾದದ ಅಳತೆ, ಎಲ್ಲಕ್ಕಿಂತ ಆಚೆ ಚಾಚಿದ ತುದಿ, ಆ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ವಸ್ತು ಯಾವ ಕಡೆಗೆ ವಾಲಿದೆ, ಇವೂ ಬೇಕು. ಪ್ರಭಾವಳಿ ಇರುವ ಮೂರ್ತಿಯ ಪಾದ 14 ಸೆಂ.ಮೀ. ಇದ್ದು ಪ್ರಭಾವಳಿ 30 ಸೆಂ.ಮೀ. ಹರಡಿದ್ದರೆ, ಪಾದ ನೋಡಿ ಶೋಕೇಸ್ ಮಾಡಿಸಿದವರು ಮೂರ್ತಿಯನ್ನು ಅದರ ಬಾಗಿಲಿನಿಂದ ಒಳಗೆ ತೂರಿಸಲಾಗದೆ ನಿಲ್ಲುತ್ತಾರೆ.

ಫೋಟೋ ಅಳತೆಗೆ ತಕ್ಕಂತೆ ಪ್ರಿಂಟ್ ತೆಗೆಸಿ ಡಮ್ಮಿ ಮಾಡಿದ್ವಿ. ನಿಜವಾದದ್ದು ಅದಕ್ಕಿಂತ ದೊಡ್ಡದಿದೆ! ಎಲ್ಲಿ ತಪ್ಪಿತು?

ಎರಡರಲ್ಲಿ ಒಂದು, ಕೆಲವು ಸಲ ಎರಡೂ.

ಸ್ಕೇಲ್ ಇಟ್ಟ ಜಾಗ ತಪ್ಪಿರಬಹುದು. ಕ್ಯಾಮೆರಾ 1 ಮೀಟರ್ ದೂರದಲ್ಲಿದ್ದು ಸ್ಕೇಲನ್ನು ವಸ್ತುವಿಗಿಂತ 10 ಸೆಂ.ಮೀ. ಮುಂದೆ ಇಟ್ಟರೆ ವಸ್ತು ಶೇ 10ರಷ್ಟು ಚಿಕ್ಕದಾಗಿ ಲೆಕ್ಕಕ್ಕೆ ಸಿಗುತ್ತದೆ. ಅದೇ 4 ಮೀಟರ್ ಹಿಂದೆ ಸರಿದು ಜೂಮ್ ಮಾಡಿ ತೆಗೆದರೆ ತಪ್ಪು ಶೇ 2.5ಕ್ಕೆ ಇಳಿಯುತ್ತದೆ. ವಸ್ತುವಿನ ಅತಿ ಅಗಲದ ಅಂಚು ಎಷ್ಟು ದೂರದಲ್ಲಿದೆಯೋ ಸ್ಕೇಲೂ ಅಷ್ಟೇ ದೂರದಲ್ಲಿರಬೇಕು. ಕ್ಯಾಮೆರಾ ವಸ್ತುವಿನ ನಡುಮಟ್ಟಕ್ಕೆ ಇರಲಿ.

ಇಲ್ಲವೇ ಪ್ರಿಂಟರ್ ಪುಟಕ್ಕೆ ಹೊಂದಿಸಲು ಚಿತ್ರವನ್ನು ಸದ್ದಿಲ್ಲದೆ ಕುಗ್ಗಿಸಿರುತ್ತದೆ. ಶೇ 3 ಕುಗ್ಗಿದರೂ 60 ಸೆಂ.ಮೀ. ವಸ್ತುವಿಗೆ ಸುಮಾರು 2 ಸೆಂ.ಮೀ. ಕಡಿಮೆಯಾಯಿತು. ಪ್ರತಿ ಹಾಳೆಯಲ್ಲೂ 10 ಸೆಂ.ಮೀ. ಗೆರೆಯೊಂದನ್ನು ಸೇರಿಸಿ, ಪ್ರಿಂಟ್ ಬಂದ ಕೂಡಲೇ ಸ್ಕೇಲ್ ಇಟ್ಟು ನೋಡಿ, ಆಮೇಲೆ ಕತ್ತರಿ ಹಿಡಿಯಿರಿ.

## ಕತ್ತರಿಸಿ ಜೋಡಿಸುವುದು

ಕೊಡ, ಚೊಂಬು, ಮೂರ್ತಿ ಥರದ ದುಂಡಗಿನವನ್ನ ಹಾಳೆಯಲ್ಲಿ ಮಾಡೋಕೆ ಆಗುತ್ತಾ?

ಆಗುತ್ತದೆ, ಅರ್ಧ ಗಂಟೆಯ ಕೆಲಸ. ಮುಂದಿನಿಂದ ಕಾಣುವ ಹೊರಗೆರೆಯನ್ನು ಒಂದು ಬೋರ್ಡಿನ ಮೇಲೆ, ಪಕ್ಕದಿಂದ ಕಾಣುವುದನ್ನು ಇನ್ನೊಂದರ ಮೇಲೆ ಬರೆದು ಕತ್ತರಿಸಿ. ಎರಡರಲ್ಲೂ ಪಾದದ ನಡುವಿನಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆಯಿರಿ. ಒಂದು ತುಂಡಿನಲ್ಲಿ ಆ ಗೆರೆಯ ಮೇಲೆ ತಲೆಯಿಂದ ಅರ್ಧದವರೆಗೆ, ಇನ್ನೊಂದರಲ್ಲಿ ಪಾದದಿಂದ ಅರ್ಧದವರೆಗೆ 5 ಮಿ.ಮೀ. ಅಗಲದ ಸೀಳು ಮಾಡಿ ಒಂದರೊಳಗೊಂದು ಇಳಿಸಿ. ಸೀಳು ಬೋರ್ಡಿನ ದಪ್ಪಕ್ಕಿಂತ ಒಂದು ಕೂದಲೆಳೆ ಬಿಗಿ ಇರಲಿ. ಸಡಿಲವಾದರೆ ಡಮ್ಮಿ ತೂಗಾಡುತ್ತದೆ.

ಈಗ ನಾಲ್ಕು ಮೂಲೆಗಳು ಸಿಗುತ್ತವೆ. ಹೊಟ್ಟೆ ಅತಿ ಅಗಲ ಇರುವ ಕಡೆ, ಕುತ್ತಿಗೆಯ ಕಡೆ, ಬಾಯಿಯ ಕಡೆ ಕಾಲುವೃತ್ತದ ತುಂಡುಗಳನ್ನು ಆ ಮೂಲೆಗಳಿಗೆ ಅಂಟಿಸಿ. ಮೇಲೆ ಖಾಕಿ ಕಾಗದದ ಪಟ್ಟಿ ಸುತ್ತಿದರೆ ನೆರಳು ಕೂಡ ದುಂಡಗೆ ಬೀಳುತ್ತದೆ. ತ್ರಿಭಂಗಿಯಲ್ಲಿ ನಿಂತ ಮೂರ್ತಿಗೂ ಇದೇ ಕ್ರಮ. ಗೆರೆಯನ್ನು ಮೈಯ ಬಾಗಿನ ಜೊತೆ ಎಳೆಯಬೇಡಿ, ಪಾದದ ನಡುವಿನಿಂದ ತೂಗುಗುಂಡಿನ ನೇರಕ್ಕೇ ಇರಲಿ.

ಥರ್ಮಾಕೋಲ್‌ಗೆ ಸ್ಪ್ರೇ ಪೇಂಟ್ ಹೊಡೆದ್ವಿ, ಕರಗಿ ಗುಂಡಿ ಬಿತ್ತು. ಯಾಕೆ?

ಸ್ಪ್ರೇ ಪೇಂಟಿನ ದ್ರಾವಕಕ್ಕೆ ಥರ್ಮಾಕೋಲ್ ಕರಗುತ್ತದೆ. ಚಪ್ಪಲಿ ಅಂಟಿಸುವ ಹಳದಿ ಅಂಟಿನಿಂದಲೂ ಹೀಗೇ ಆಗುತ್ತದೆ, ಗ್ಲೂ ಗನ್ನಿನ ಬಿಸಿಗೂ ಕರಗುತ್ತದೆ. ಫೆವಿಕಾಲ್, ವಾಟರ್ ಪೇಂಟ್ ಎರಡೇ ಸುರಕ್ಷಿತ. ಸ್ಪ್ರೇ ಬೇಕೇ ಬೇಕೆಂದರೆ ಮೊದಲು ಫೆವಿಕಾಲ್‌ನಲ್ಲಿ ಕಾಗದ ಅಂಟಿಸಿ, ಒಣಗಿದ ಮೇಲೆ ಹೊಡೆಯಿರಿ. ಥರ್ಮಾಕೋಲಿನ ಗುಳಿಗೆಗಳು ಶೋಕೇಸಿನ ಬಟ್ಟೆಗೆ ಹತ್ತಿದರೆ ತಿಂಗಳಾದರೂ ಬಿಡುವುದಿಲ್ಲ, ಕತ್ತರಿಸುವುದನ್ನು ಹೊರಗೇ ಮಾಡಿ.

## ಕಾಣುವ ಬಗೆ

ಬಿಳಿ ಡಮ್ಮಿ ಇಟ್ಟು ಲೈಟ್ ಹೊಂದಿಸಿದ್ವಿ, ಬಿದರಿ ಹೂಜಿ ಇಟ್ಟ ಮೇಲೆ ಏನೂ ಕಾಣ್ತಿಲ್ಲ.

ಬಿಳಿ ಬೋರ್ಡ್ ಬಿದ್ದ ಬೆಳಕನ್ನೆಲ್ಲ ಹಿಂದಕ್ಕೆ ಎಸೆದು ಸುತ್ತಲೂ ಬೆಳಗುತ್ತದೆ. ಬಿದರಿಯ ಕಪ್ಪು ಮೈ ಬೆಳಕನ್ನು ನುಂಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಒಂದು ಕೋನದಲ್ಲಿ ಮಿಂಚುತ್ತದೆ. ಆದ್ದರಿಂದ ಬೆಳಕು ನೋಡುವ ಡಮ್ಮಿಗೆ ವಸ್ತುವಿನ ಗಾಢತೆ, ಹೊಳಪು ಎರಡೂ ಇರಲೇಬೇಕು. ಬಿದರಿಗೆ ರಟ್ಟಿನ ಮೇಲೆ ಕಪ್ಪುಹಲಗೆಗೆ ಬಳಿಯುವ ಮಾಸಲು ಕಪ್ಪು ಬಣ್ಣ ಕೊಟ್ಟು, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಟೇಪಿನ ಸಣ್ಣ ಎಳೆಗಳನ್ನು ಅಂಟಿಸಿ. ಮೈಸೂರು ಚಿತ್ರಕ್ಕೆ ಚಿನ್ನದ ಬಣ್ಣದ ಗಿಫ್ಟ್ ಕಾಗದದ ತುಣುಕುಗಳು ಸಾಕು. ಚಿನ್ನದ ರೇಕು ಎಲ್ಲಿ ನಿಂತರೆ ಕಣ್ಣಿಗೆ ಹೊಡೆಯುತ್ತದೆ ಎಂದು ಅದರಿಂದಲೇ ತಿಳಿಯುತ್ತದೆ. ಉಳಿದ ಕಲ್ಲು, ಮರ, ಕಂಚಿಗೆ ಬೂದು ಬಣ್ಣದ ನಾಲ್ಕೈದು ಛಾಯೆ ಕಲಸಿಟ್ಟುಕೊಂಡರೆ ಆಯಿತು.

ಬಿದರಿಗೆ ಕಪ್ಪು ವೆಲ್ವೆಟ್ ಹಾಸುವುದು ಯಾಕೋ ಎಲ್ಲರಿಗೂ ಮೊದಲು ಹೊಳೆಯುವ ಯೋಚನೆ. ಡಮ್ಮಿ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹೂಜಿಯ ಅಂಚು ಮಾಯವಾಗಿ ಬೆಳ್ಳಿ ಹೂಗಳು ಗಾಳಿಯಲ್ಲಿ ತೇಲುತ್ತವೆ. ನಡುಮಟ್ಟದ ಬೂದು ಅಥವಾ ಮಣ್ಣಿನ ಬಣ್ಣ ವಾಸಿ.

ತೊಗಲುಗೊಂಬೆಗೆ ರಟ್ಟಿನ ಡಮ್ಮಿ ಸಾಲದಾ?

ಗೋಡೆಯ ಮೇಲೆ ಎಷ್ಟು ಜಾಗ ಬೇಕೆಂದು ನೋಡಲು ಸಾಕು. ಹಿಂದಿನಿಂದ ಬೆಳಕು ಕೊಡುವುದಾದರೆ ಸಾಲದು, ಏಕೆಂದರೆ ತೊಗಲು ಅರೆಪಾರದರ್ಶಕ. ಬಟರ್ ಪೇಪರಿನಲ್ಲಿ ಆಕಾರ ಕತ್ತರಿಸಿ ಬಣ್ಣದ ಮಾರ್ಕರ್ ಪೆನ್ನಿನಿಂದ ತುಂಬಿ, ಕೈಕಾಲಿನ ತುಂಡುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ. ಕೀಲಿನ ಜಾಗದಲ್ಲಿ ಎರಡು ಪದರ ಸೇರಿ ಗಾಢವಾಗುವುದು ಡಮ್ಮಿಯಲ್ಲೂ ಕಾಣಬೇಕು. ಲಕ್ಸ್ ಮೀಟರನ್ನು ನೋಡುಗರ ಕಡೆ ಹಿಡಿದು 30 ಬಂತೆಂದು ಹಿಗ್ಗಬೇಡಿ. ಗೊಂಬೆ ನಿಲ್ಲುವ ಜಾಗದಲ್ಲಿ, ದೀಪದ ಕಡೆಗೆ ಮುಖ ಮಾಡಿ ಅಳೆಯಿರಿ. ತೊಗಲಿಗೆ ಬೀಳುವ ಬೆಳಕು ಅದು.

ಎಷ್ಟು ಎತ್ತರಕ್ಕೆ ಇಡಬೇಕು? ಶಾಲೆ ಮಕ್ಕಳೇ ಜಾಸ್ತಿ ಬರೋದು.

ಚಿತ್ರದ ನಡುಭಾಗ ನೆಲದಿಂದ 145–150 ಸೆಂ.ಮೀ. ಎಂಬುದು ದೊಡ್ಡವರನ್ನು ಮನಸ್ಸಿನಲ್ಲಿಟ್ಟ ರೂಢಿ. ಐದನೇ ತರಗತಿಯ ಮಗುವಿನ ಕಣ್ಣು ಸುಮಾರು 125 ಸೆಂ.ಮೀ. ಎತ್ತರದಲ್ಲಿರುತ್ತದೆ, ಗಾಲಿಕುರ್ಚಿಯಲ್ಲಿ ಕೂತವರದು 110–120. ಡಮ್ಮಿಯನ್ನು ಪುಸ್ತಕದ ಕಟ್ಟುಗಳ ಮೇಲೆ ಇಟ್ಟು, ಸ್ಟೂಲಿನ ಮೇಲೆ ಕೂತು ನೋಡಿ, ನಿಂತು ನೋಡಿ. ಮೇಜಿನಂಥ ಶೋಕೇಸಿನ ಗಾಜು 85 ಸೆಂ.ಮೀ. ದಾಟಿದರೆ ಮಕ್ಕಳಿಗೆ ತಾಳೆಗರಿಯ ಅಕ್ಷರಗಳ ಬದಲು ಅಂಚಿನ ಮರ ಕಾಣುತ್ತದೆ. ಅಲ್ಲಿ ತಾಳೆಗರಿಯನ್ನು ನೋಡುಗರ ಕಡೆಗೆ 15–20 ಡಿಗ್ರಿ ಓರೆ ಮಾಡಿದರೆ ಸುಧಾರಿಸುತ್ತದೆ. ಡಮ್ಮಿಯ ಕಟ್ಟು ಆ ಓರೆಯಲ್ಲಿ ಜಾರಿದರೆ ನಿಜವಾದದ್ದೂ ಜಾರುತ್ತದೆ, ಕೆಳಗೆ ಸಣ್ಣ ತಡೆ ಬೇಕು.

ಗೋಡೆಗೆ ಮೊಳೆ ಹೊಡೆದು ಹೊಡೆದು ಜರಡಿ ಆಗಿದೆ. ಚಿತ್ರ ತೂಗುಹಾಕೋ ಲೆಕ್ಕ ಏನು?

ಮೊದಲು ಚೌಕಟ್ಟಿನ ಅಳತೆಗೆ ಖಾಕಿ ಕಾಗದ ಕತ್ತರಿಸಿ ಮಾಸ್ಕಿಂಗ್ ಟೇಪಿನಲ್ಲಿ ಅಂಟಿಸಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಜಾಗ ಒಪ್ಪಿತವಾದ ಮೇಲೆ ಚೌಕಟ್ಟಿನ ಹಿಂದಿನ ತಂತಿಯನ್ನು ಬೆರಳಿನಿಂದ ಬಿಗಿಯಾಗಿ ಎಳೆದು, ಮೇಲಂಚಿನಿಂದ ಎಷ್ಟು ಕೆಳಗಿದೆ ಎಂದು ಅಳೆಯಿರಿ. ನಡುಭಾಗದ ಎತ್ತರಕ್ಕೆ ಚೌಕಟ್ಟಿನ ಅರ್ಧ ಎತ್ತರ ಕೂಡಿಸಿ, ತಂತಿಯ ಅಂತರ ಕಳೆಯಿರಿ. 60 ಸೆಂ.ಮೀ. ಎತ್ತರದ ಚೌಕಟ್ಟು, ನಡುಭಾಗ 150ರಲ್ಲಿ, ತಂತಿ 8 ಸೆಂ.ಮೀ. ಕೆಳಗೆ ಎಂದರೆ 150 + 30 − 8 = 172. ಆ ಬಿಂದುವನ್ನು ಕಾಗದದ ಮೇಲೆ ಗುರುತಿಸಿ ಅದರ ಮೂಲಕವೇ ಕೊರೆಯಿರಿ.

ವಿವರಣೆ ಫಲಕಕ್ಕೂ ಡಮ್ಮಿ ಬೇಕಾ? ಖಾಲಿ ಬಿಳಿ ಕಾರ್ಡ್ ಇಟ್ಟರೆ ಆಯ್ತಲ್ವಾ?

ಖಾಲಿ ಕಾರ್ಡ್ ಮೋಸ ಮಾಡುತ್ತದೆ. ನಿಜವಾದ ಕನ್ನಡ ಪಠ್ಯವನ್ನೇ ಪ್ರಿಂಟ್ ಮಾಡಿಡಿ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಅಕ್ಷರ 24 ಪಾಯಿಂಟ್ ಇದ್ದರೆ ಸಾಲಿನ ಅಂತರ 34–36 ಬೇಕಾಗುತ್ತದೆ. ಪರೀಕ್ಷೆಗೆ 'ರಾಷ್ಟ್ರಕೂಟ' ಎಂಬ ಪದ ಸಾಕು, ಅದು ಸರಿಯಾಗಿ ಬಂದರೆ ಮಿಕ್ಕದ್ದೂ ಬರುತ್ತದೆ. 'ನುಡಿ' ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸದೆ ಕೊಟ್ಟರೆ, ಅಥವಾ ಅಡೋಬಿ ತಂತ್ರಾಂಶದಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತುಗಳು ಚದುರಿಹೋಗುತ್ತವೆ. ಕೊನೆಯ ಫಲಕ ಎಲ್ಲಿ ಅಚ್ಚಾಗುತ್ತದೋ ಡಮ್ಮಿ ಫಲಕವನ್ನೂ ಅಲ್ಲೇ ಮಾಡಿಸಿ.

ಇಬ್ಭಾಗದ ಕನ್ನಡಕ ಹಾಕುವ ಹಿರಿಯರೊಬ್ಬರಿಂದ ಓದಿಸಿ. ಹತ್ತಿರದ್ದನ್ನು ಅವರು ಕನ್ನಡಕದ ಕೆಳಭಾಗದಿಂದ ನೋಡುವುದರಿಂದ, ಕಣ್ಣಿನ ಮಟ್ಟಕ್ಕಿಂತ ಮೇಲಿನ ಫಲಕ ಓದಲು ಕತ್ತು ಹಿಂದಕ್ಕೆ ಎತ್ತಬೇಕಾಗುತ್ತದೆ.

ಇಡೀ ಕೋಣೆಯನ್ನ ಹೇಗೆ ನೋಡೋದು?

1:20 ಮಾದರಿ ಮಾಡಿ. 10 × 6 ಮೀಟರ್ ಕೋಣೆ 50 × 30 ಸೆಂ.ಮೀ. ಆಗುತ್ತದೆ, 160 ಸೆಂ.ಮೀ. ಎತ್ತರದ ಮನುಷ್ಯ 8 ಸೆಂ.ಮೀ. 7.5 ಸೆಂ.ಮೀ. ವ್ಯಾಸದ ಒಂದು ಬಿಲ್ಲೆ ಕತ್ತರಿಸಿ ಶೋಕೇಸುಗಳ ನಡುವೆ ಸರಿಸುತ್ತ ಹೋಗಿ. ಅದು ಗಾಲಿಕುರ್ಚಿ ತಿರುಗಲು ಬೇಕಾದ 150 ಸೆಂ.ಮೀ. ವೃತ್ತ. ಬಿಲ್ಲೆ ಸಿಕ್ಕಿಕೊಂಡಲ್ಲಿ ಕುರ್ಚಿಯೂ ಸಿಕ್ಕಿಕೊಳ್ಳುತ್ತದೆ. ಆಮೇಲೆ ನೆಲದ ಮೇಲೆ ಪೂರ್ಣ ಅಳತೆಯಲ್ಲಿ ಗುರುತು ಮಾಡಿ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಟೇಪ್ ಹಚ್ಚಿದರೆ ಮೆರುಗೇ ಕಿತ್ತು ಬರುವುದುಂಟು, ಅಲ್ಲಿ ಸೀಮೆಸುಣ್ಣ ಬಳಸಿ.

## ತೂಕ, ಆಧಾರ, ಅಪಾಯ

ವೀರಗಲ್ಲಿಗೆ ರಟ್ಟಿನ ಡಮ್ಮಿ ಮಾಡಿದ್ದೀವಿ. ಇನ್ನೇನು ಗಮನಿಸಬೇಕು?

ಬಹಳಷ್ಟು ವೀರಗಲ್ಲುಗಳ ಕೆಳಭಾಗ ನೆಲದಲ್ಲಿ ಹೂತಿರಲೆಂದು ಕೆತ್ತದೆ ಬಿಟ್ಟ ಒರಟು ಕಲ್ಲು. ಡಮ್ಮಿಯಲ್ಲಿ ಅದನ್ನೂ ಸೇರಿಸಿ, ಎಲ್ಲಿಯವರೆಗೆ ಪೀಠದೊಳಗೆ ಹೋಗುತ್ತದೆ ಎಂದು ಗೆರೆ ಹಾಕಿ. ಕಾಣುವ ಭಾಗವನ್ನಷ್ಟೇ ಅಳೆದರೆ ಪೀಠದ ಆಳ ತಪ್ಪುತ್ತದೆ.

ತೂಕ: 150 × 75 × 20 ಸೆಂ.ಮೀ. ಕಲ್ಲು ಎಂದರೆ 0.225 ಘನ ಮೀಟರ್. ಗ್ರಾನೈಟ್ ಘನ ಮೀಟರಿಗೆ ಸುಮಾರು 2,700 ಕೆ.ಜಿ., ಅಂದರೆ 600 ಕೆ.ಜಿ.ಗೆ ಮೇಲೆ. ಅಷ್ಟೂ 0.15 ಚದರ ಮೀಟರ್ ಪಾದದ ಮೇಲೆ ನಿಲ್ಲುತ್ತದೆ. ಮಹಡಿಯ ಮೇಲಾದರೆ ಈ ಲೆಕ್ಕವನ್ನು ಎಂಜಿನಿಯರ್ ಮುಂದಿಟ್ಟೇ ಮುಂದುವರಿಯಿರಿ.

ಆಮೇಲೆ ದಾರಿ ಪರೀಕ್ಷೆ. ಡಮ್ಮಿಯ ಸುತ್ತ ಪ್ಯಾಕಿಂಗಿಗೆಂದು ಪ್ರತಿ ಪಕ್ಕಕ್ಕೂ 10 ಸೆಂ.ಮೀ. ಸೇರಿಸಿ, ಟ್ರಾಲಿಯ ಮೇಲೆ ಮಲಗಿಸಿ, ಗೇಟಿನಿಂದ ಕೋಣೆಯವರೆಗೆ ತಳ್ಳಿಕೊಂಡು ಬನ್ನಿ. ಬಾಗಿಲು ದಾಟಿದ್ದು ಮೆಟ್ಟಿಲಿನ ತಿರುವಿನಲ್ಲಿ ನಿಲ್ಲುತ್ತದೆ. ರಟ್ಟು ನಿಂತರೆ ನಗುತ್ತ ವಾಪಸ್ ಬರಬಹುದು.

ಶೋಕೇಸಿನ ಹಲಗೆ ಕಂಚಿನ ಮೂರ್ತಿಯ ಭಾರ ತಡೆಯುತ್ತೋ ಇಲ್ಲವೋ ಹೇಗೆ ತಿಳಿಯೋದು?

ಮೂರ್ತಿಯ ತೂಕದ ಒಂದೂವರೆ ಪಟ್ಟು ಮರಳನ್ನು ಚೀಲದಲ್ಲಿ ಕಟ್ಟಿ, ಮೂರ್ತಿಯ ಪಾದದಷ್ಟೇ ಅಗಲದ ಮರದ ತುಂಡಿನ ಮೇಲೆ ಇಡಿ. ಒಣ ಮರಳು ಲೀಟರಿಗೆ ಸುಮಾರು 1.6 ಕೆ.ಜಿ. ಬರುತ್ತದೆ. 12 ಕೆ.ಜಿ. ಮೂರ್ತಿಗೆ 18 ಕೆ.ಜಿ., ಅಂದರೆ ಹನ್ನೊಂದು ಲೀಟರಿಗೆ ಚೂರು ಹೆಚ್ಚು. ಹಲಗೆಯ ಒಂದು ತುದಿಯಿಂದ ಇನ್ನೊಂದಕ್ಕೆ ದಾರ ಬಿಗಿದು, ಭಾರ ಇಟ್ಟ ಕೂಡಲೇ ಒಮ್ಮೆ, 24 ಗಂಟೆಯ ನಂತರ ಒಮ್ಮೆ ನಡುವಿನ ತಗ್ಗು ಅಳೆಯಿರಿ. ಎರಡನೆಯ ಅಳತೆ ಹೆಚ್ಚಿದ್ದರೆ ಹಲಗೆ ಬಾಗುತ್ತಲೇ ಹೋಗುತ್ತದೆ. ಪಾರ್ಟಿಕಲ್ ಬೋರ್ಡಿನ ಸ್ವಭಾವವೇ ಅದು.

ಭಾರದ ನಡುಬಿಂದುವೂ ಮುಖ್ಯ. ಹಲಗೆಯಂತೆ ಚಪ್ಪಟೆಯಾಗಿ, ಒಂದೇ ದಪ್ಪ ಇರುವ ವಸ್ತುವಿನದಾದರೆ ಅದರ ಆಕಾರದ ರಟ್ಟನ್ನು ಒಂದು ಮೂಲೆಯಿಂದ ತೂಗಿಬಿಟ್ಟು, ತೂಗುಗುಂಡಿನ ದಾರದ ಗುಂಟ ಗೆರೆ ಎಳೆಯಿರಿ. ಇನ್ನೊಂದು ಮೂಲೆಯಿಂದಲೂ ಹಾಗೇ ಮಾಡಿ. ಗೆರೆಗಳು ಕೂಡಿದಲ್ಲಿ ಭಾರದ ನಡು. ಪೊಳ್ಳು ಎರಕದ ಮೂರ್ತಿಗೆ ಈ ಉಪಾಯ ನಡೆಯದು.

ಮೂರ್ತಿಯನ್ನ ಹಿಡಿದು ನಿಲ್ಲಿಸೋ ಹಿತ್ತಾಳೆ ಸರಳಿನ ಆಧಾರ ಬಗ್ಗಿಸೋಕೆ ಮೂರ್ತಿಯ ತ್ರೀಡಿ ಪ್ರಿಂಟ್ ಮಾಡಿಸಬೇಕಾ?

ಡಮ್ಮಿಗೆ ತ್ರೀಡಿ ಪ್ರಿಂಟ್ ನಿಜವಾಗಿ ಬೇಕಾಗುವ ಜಾಗ ಇದೊಂದೇ ಎನ್ನಬಹುದು. ಸರಳು ತಾಗುವ ಕಂಕುಳು, ಸೊಂಟದ ಭಾಗವನ್ನಷ್ಟೇ ಪ್ರಿಂಟ್ ಮಾಡಿಸಿದರೂ ಸಾಕು. ವಸ್ತುವಿನ ಸುತ್ತ 60ರಿಂದ 100 ಫೋಟೋ, ಪ್ರತಿಯೊಂದೂ ಹಿಂದಿನದರ ಮೇಲೆ ಶೇ 70ರಷ್ಟು ಹಾಯುವಂತೆ, ಜೊತೆಗೆ ಅಳತೆಯ ಪಟ್ಟಿ. ಹೊಳೆಯುವ ಲೋಹ ಫೋಟೋದಿಂದ ಸರಿಯಾಗಿ ಮೂಡುವುದಿಲ್ಲ. ಹೊಳಪು ತಗ್ಗಿಸಲು ಪೌಡರ್ ಎರಚುವ ವಿಡಿಯೋಗಳನ್ನು ನೋಡಿ ನಿಜವಾದ ಮೂರ್ತಿಯ ಮೇಲೆ ಪ್ರಯೋಗ ಮಾಡಬೇಡಿ, ಪ್ಲಾಸ್ಟರ್ ಅಥವಾ ಸಿಲಿಕೋನ್ ಅಚ್ಚಂತೂ ಬೇಡವೇ ಬೇಡ. ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಪ್ರಿಂಟ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಸೊಟ್ಟಗಾಗುತ್ತದೆ. ಬೆಸುಗೆ ಹಾಕುವಾಗಲೂ ಸರಳನ್ನು ಅದರಿಂದ ತೆಗೆದಿಡಿ. ಕೊನೆಯ ಒಂದೆರಡು ಮಿ.ಮೀ. ಹೊಂದಿಕೆ ಮಾತ್ರ ನಿಜವಾದ ವಸ್ತುವಿನ ಜೊತೆ, ಸರಳಿಗೆ ಮೆತ್ತೆ ಸುತ್ತಿದ ಮೇಲೆ.

ಡಮ್ಮಿಗೆ ಮಾಡಿದ ಫೋಮ್ ಪೀಠ ಚೆನ್ನಾಗಿದೆ. ಅದನ್ನೇ ಉಳಿಸಿಕೊಳ್ಳಬಹುದಾ?

ಬೇಡ. ಮುಚ್ಚಿದ ಗಾಜಿನೊಳಗೆ ಫೆವಿಕಾಲ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಮ್ಲದ ಆವಿ ಬಿಡುತ್ತವೆ, ಪಿವಿಸಿಯೂ ಹಳತಾದಂತೆ ಆಮ್ಲ ಬಿಡುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆಯ ಫೆಲ್ಟಿನ ಗಂಧಕಕ್ಕೆ ಬಿದರಿಯ ಬೆಳ್ಳಿ ಕಪ್ಪಾಗುತ್ತದೆ. ಶೋಕೇಸಿನಲ್ಲಿ ಉಳಿಯುವ ಸಾಮಗ್ರಿಗೆ ಆಡಿ ಪರೀಕ್ಷೆ ಆಗಿರಬೇಕು. 1973ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ ರೂಪಿಸಿದ ಕ್ರಮ ಇದು: ಸಾಮಗ್ರಿಯ ತುಣುಕನ್ನು ಬೆಳ್ಳಿ, ತಾಮ್ರ, ಸೀಸದ ಚೂರುಗಳ ಜೊತೆ ತೇವವಿರುವ ಗಾಜಿನ ಪಾತ್ರೆಯಲ್ಲಿ ಮುಚ್ಚಿ, 60 ಡಿಗ್ರಿಯಲ್ಲಿ 28 ದಿನ ಇಟ್ಟು, ಲೋಹ ಕೆಟ್ಟಿದೆಯೇ ಎಂದು ನೋಡುತ್ತಾರೆ.

ಮಳೆಗಾಲದಲ್ಲಿ ರಟ್ಟು ಬಾಗುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಮೈದಾ ಅಂಟಿನ ಡಮ್ಮಿ ಜಿರಲೆಗೆ ಊಟ. ಅಂಥವನ್ನು ಸಂಗ್ರಹದ ಕೋಣೆಗೆ ತರಲೇಬೇಡಿ.

ಕೆಲಸ ಮುಗಿದ ಮೇಲೆ ಡಮ್ಮಿಗಳನ್ನ ಏನು ಮಾಡೋದು?

ಮಾಡುವಾಗಲೇ ಪ್ರತಿಯೊಂದಕ್ಕೂ ಕಡುಗುಲಾಬಿ ಟೇಪ್ ಸುತ್ತಿ, ತಳದಲ್ಲಿ 'ಡಮ್ಮಿ' ಎಂದೂ ವಸ್ತುವಿನ ನೋಂದಣಿ ಸಂಖ್ಯೆಯನ್ನೂ ಬರೆಯಿರಿ. ಬಣ್ಣ ಬಳಿದ ಡಮ್ಮಿ, ನಿಜವಾದ ವಸ್ತು ಎರಡೂ ಒಂದೇ ಮೇಜಿನ ಮೇಲಿದ್ದ ದಿನ ಯಾರೋ ನಿಜವಾದದ್ದನ್ನು ಹಗುರ ಎಂದುಕೊಂಡು ಒಂದೇ ಕೈಯಲ್ಲಿ ಎತ್ತಿಬಿಡುತ್ತಾರೆ. ತ್ರೀಡಿ ಪ್ರಿಂಟ್‌ಗಳಲ್ಲಿ ಗುರುತನ್ನು ಅಚ್ಚಿನಲ್ಲೇ ಮೂಡಿಸಿ, ಲೆಕ್ಕ ಇಟ್ಟು ಬೀಗದೊಳಗೆ ಇಡಿ.

ಅಳತೆಯ ಚೀಟಿ, ಹೊರಗೆರೆಯ ಕಾಗದಗಳನ್ನು ಕಡತಕ್ಕೆ ಸೇರಿಸಿ. ವಸ್ತು ಬೇರೆ ಊರಿನ ಪ್ರದರ್ಶನಕ್ಕೆ ಹೋಗುವಾಗ ಅವು ಮತ್ತೆ ಬೇಕಾಗುತ್ತವೆ. ಉಳಿದದ್ದು ಗುಜರಿಗೆ. ದೇವರ ಮುಖದ ಫೋಟೋ ಅಂಟಿಸಿದ ಡಮ್ಮಿಯನ್ನು ಮಾತ್ರ ಯಾರೂ ಮುರಿಯಲು ಒಪ್ಪುವುದಿಲ್ಲ, ಅದು ವರ್ಷಗಟ್ಟಲೆ ಕಪಾಟಿನ ಮೇಲೆ ಕೂತಿರುತ್ತದೆ. ಮೂರ್ತಿಗಳ ಡಮ್ಮಿಗೆ ಬರೀ ಹೊರಗೆರೆ ಸಾಕು, ಮುಖ ಬೇಡ.